ನಾಲ್ಕು ಅಂಗುಲದ ಮಸೂರ, ಎರಡು ನಿಮಿಷದ ಕತ್ತಲೆ

ಬೇಕಲದ ಕೋಟೆಯನ್ನು ನೀವು ಚಿತ್ರಗಳಲ್ಲಾದರೂ ನೋಡಿರುತ್ತೀರಿ. ಅರಬ್ಬೀ ಸಮುದ್ರಕ್ಕೆ ಚಾಚಿಕೊಂಡಿರುವ ಈ ಕೆಂಪು ಕಲ್ಲಿನ ಕೋಟೆ ಕೆಳದಿಯ ಅರಸರ ಕಾಲದ್ದು. ಶಿವಪ್ಪನಾಯಕನ ಹೆಸರಿನೊಂದಿಗೆ ಅದನ್ನು ಸೇರಿಸಿ ಹೇಳುವುದು ವಾಡಿಕೆ. ಇಂದು ಅದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. ಆದರೆ ನಾವು ಮಾತನಾಡಲಿರುವ ಕಾಲದಲ್ಲಿ ಬೇಕಲವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1871ರ ಡಿಸೆಂಬರ್ 12ರಂದು, ಸೂರ್ಯ ಹುಟ್ಟಿ ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ಈ ಕೋಟೆಯಲ್ಲಿ ಹೆನ್ರಿ ಡೇವಿಸ್ ಎಂಬ ಛಾಯಾಚಿತ್ರಕಾರನು ಒಂದು ಪೆಟ್ಟಿಗೆ ಕ್ಯಾಮರಾದ ಪಕ್ಕದಲ್ಲಿ ಗಾಜಿನ ಫಲಕಗಳನ್ನು ಸಿದ್ಧಮಾಡಿಕೊಂಡು ಕಾಯುತ್ತಿದ್ದನು. ಅವನ ಕ್ಯಾಮರಾಕ್ಕೆ ಅಳವಡಿಸಿದ್ದ ಮಸೂರದ ಬಾಯಿ 4 ಅಂಗುಲ, ನಾಭಿದೂರ ಸುಮಾರು 33 ಅಂಗುಲ. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ 840 ಮಿಲಿಮೀಟರಿನ ಒಂದು ಟೆಲಿಫೋಟೋ ಮಸೂರ. ಖಗೋಳವಿಜ್ಞಾನಿಗಳ ಕಣ್ಣಿಗೆ ಅದು ಆಟಿಕೆಯಷ್ಟು ಚಿಕ್ಕದು. ಆದರೂ ಹಡಗಿನಲ್ಲಿ ಬಂದ ಆ ಚಿಕ್ಕ ಮಸೂರವು ಹಲವು ವರ್ಷಗಳಿಂದ ತೀರ್ಮಾನವಾಗದಿದ್ದ ಒಂದು ವ್ಯಾಜ್ಯದಲ್ಲಿ ನಿರ್ಣಾಯಕ ಸಾಕ್ಷಿ ನುಡಿಯಿತು.

ವ್ಯಾಜ್ಯವೇನೆಂಬುದನ್ನು ಮೊದಲು ತಿಳಿಯೋಣ. ಸಂಪೂರ್ಣ ಸೂರ್ಯಗ್ರಹಣದಲ್ಲಿ ಚಂದ್ರನು ಸೂರ್ಯನ ಬಿಂಬವನ್ನು ಪೂರ್ತಿ ಮುಚ್ಚಿದಾಗ, ಕಪ್ಪು ತಟ್ಟೆಯ ಸುತ್ತ ಮುತ್ತಿನ ಬಣ್ಣದ ಪ್ರಭೆಯೊಂದು ಕಾಣಿಸುತ್ತದೆ. ಇದಕ್ಕೆ ಕರೋನ ಅಥವಾ ಸೌರಕಿರೀಟ ಎಂದು ಹೆಸರು. ಇದು ಯಾರದು? ಸೂರ್ಯನದೇ? ಚಂದ್ರನಿಗೆ ತೆಳುವಾದ ವಾಯುಮಂಡಲವಿದ್ದು ಅದು ಹೊಳೆಯುತ್ತಿದೆಯೇ? ಅಥವಾ ನಮ್ಮ ಭೂಮಿಯ ಗಾಳಿಯಲ್ಲಿ ಬೆಳಕು ಚದುರಿ ಉಂಟಾಗುವ ಭ್ರಮೆಯೇ? ಇಂದು ಒಂಬತ್ತನೆಯ ತರಗತಿಯ ಹುಡುಗಿ ಕೂಡ ಸೂರ್ಯನದೇ ಎಂದು ಉತ್ತರಿಸುತ್ತಾಳೆ. 1870ರ ಸುಮಾರಿಗೆ ಮಾತ್ರ ಈ ಮೂರೂ ಪಕ್ಷಗಳಲ್ಲಿ ದೊಡ್ಡ ದೊಡ್ಡ ಹೆಸರಿನವರಿದ್ದರು.

ಕಣ್ಣಿನಿಂದ ನೋಡಿ ತೀರ್ಮಾನಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೋಡಿದವರಿಗೇನೂ ಕೊರತೆಯಿರಲಿಲ್ಲ. ನಮ್ಮ ಶಾಸನಗಳಲ್ಲೇ ಸೂರ್ಯಗ್ರಹಣದ ಕಾಲದಲ್ಲಿ ದಾನ ಕೊಟ್ಟ ಉಲ್ಲೇಖಗಳು ಎಷ್ಟೋ ಇವೆ. ಆದರೆ ನೋಡುವುದು ಬೇರೆ, ನೋಡಿದ್ದನ್ನು ಸಾಕ್ಷ್ಯವಾಗಿ ಉಳಿಸುವುದು ಬೇರೆ. ಒಂದೇ ಗ್ರಹಣವನ್ನು ಅಕ್ಕಪಕ್ಕದಲ್ಲಿ ನಿಂತು ಇಬ್ಬರು ಬರೆದ ಚಿತ್ರಗಳನ್ನು ಹೋಲಿಸಿದರೆ, ಅವರು ಎರಡು ಬೇರೆ ಗ್ರಹಣಗಳನ್ನು ನೋಡಿದರೇನೋ ಎನಿಸುತ್ತಿತ್ತು. ಒಬ್ಬನು ನಕ್ಷತ್ರದಂತೆ ಕಿರಣಗಳನ್ನು ಬರೆದರೆ ಇನ್ನೊಬ್ಬನು ದುಂಡನೆಯ ಮಬ್ಬನ್ನು ಬರೆಯುತ್ತಿದ್ದನು. ಎರಡು ಮೂರು ನಿಮಿಷಗಳ ಉದ್ವೇಗದಲ್ಲಿ, ಕತ್ತಲಲ್ಲಿ, ನಡುಗುವ ಕೈಯಿಂದ ಬರೆದ ಚಿತ್ರವನ್ನು ನಂಬಿ ಭೌತವಿಜ್ಞಾನ ಕಟ್ಟಲಾಗದು.

ಛಾಯಾಚಿತ್ರ ಈ ತೊಂದರೆಯನ್ನು ಪರಿಹರಿಸೀತೆಂಬ ಆಸೆ ಆಗಲೇ ಚಿಗುರಿತ್ತು. 1851ರ ಜುಲೈ 28ರಂದು ಪ್ರಷ್ಯಾದ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಬರ್ಕೋವ್‌ಸ್ಕಿ ಎಂಬಾತನು ಕರೋನದ ಮೊದಲ ಚಿತ್ರವನ್ನು ಬೆಳ್ಳಿ ಲೇಪದ ತಗಡಿನ ಮೇಲೆ ಪಡೆದನು. 1860ರಲ್ಲಿ ಸ್ಪೇನಿನಲ್ಲಿ ಗ್ರಹಣವಾದಾಗ ಇಂಗ್ಲೆಂಡಿನ ವಾರೆನ್ ದೆ ಲಾ ರೂ ಮತ್ತು ಇಟಲಿಯ ಪಾದ್ರಿ ಸೆಕ್ಕಿ ಬೇರೆ ಬೇರೆ ಊರುಗಳಿಂದ ಚಿತ್ರ ತೆಗೆದರು. ಬಿಂಬದ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳು, ಅಂದರೆ ಸೌರ ಚಾಚಿಕೆಗಳು, ಎರಡು ಕಡೆಯ ಚಿತ್ರಗಳಲ್ಲಿಯೂ ಒಂದೇ ರೀತಿ ಮೂಡಿದ್ದವು. ಹಾಗಾಗಿ ಅವು ಸೂರ್ಯನಿಗೆ ಸೇರಿದವೆಂಬುದು ಖಚಿತವಾಯಿತು. ಈ ಉಪಾಯವನ್ನು ನೆನಪಿಡಿ: ಒಂದೇ ವಸ್ತುವನ್ನು ದೂರ ದೂರದ ಎರಡು ಕಡೆಗಳಿಂದ ಚಿತ್ರಿಸಿ ಹೋಲಿಸುವುದು. ಚಾಚಿಕೆಗಳಿಗೆ ಇದು ಸಾಧ್ಯವಾಯಿತು, ಕರೋನಕ್ಕೆ ಆಗಲಿಲ್ಲ. ಚಾಚಿಕೆಗಳು ಪ್ರಖರವಾದವು, ಕರೋನ ಮಸುಕು. ಸೂರ್ಯನ ಅಂಚಿನಿಂದ ದೂರ ಹೋದಷ್ಟೂ ಅದರ ಬೆಳಕು ಕುಸಿಯುತ್ತ ಹೋಗಿ ನೂರಾರು ಪಟ್ಟು ಕಡಿಮೆಯಾಗುತ್ತದೆ.

1868ರ ಆಗಸ್ಟ್ 18ರ ಗ್ರಹಣ ನಮ್ಮ ನಾಡಿನ ಮೇಲೆಯೇ ಹಾದುಹೋಯಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ (ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ, ಆಗ ಭಾರತದ ಭೂಮಾಪನ ಇಲಾಖೆಯಲ್ಲಿದ್ದವನು) ಮೋಡಗಳ ಸಂದಿಯಲ್ಲಿ ರೋಹಿತದರ್ಶಕವನ್ನು ಹಿಡಿದು ಚಾಚಿಕೆಗಳಲ್ಲಿ ಉಜ್ವಲ ರೇಖೆಗಳನ್ನು ಕಂಡನು. ಬಿಜಾಪುರದಲ್ಲಿಯೂ ವೀಕ್ಷಕರಿದ್ದರು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸನ್ ಮತ್ತು ಬ್ರಿಟಿಷ್ ಸೇನೆಯ ಮೇಜರ್ ಟೆನೆಂಟ್ ಇದ್ದರು. ಹೀಲಿಯಮ್ಮಿನ ಕಥೆ ಗುಂಟೂರಿನಿಂದ ಶುರುವಾಗುತ್ತದೆಂದು ನಾವೆಲ್ಲ ಓದಿದ್ದೇವೆ. ಅದು ಹೇಳುವಷ್ಟು ಸರಳವಲ್ಲ, ಇಲ್ಲಿ ಅದಕ್ಕೆ ಜಾಗವಿಲ್ಲ. ನಮಗೆ ಬೇಕಾದದ್ದು ಟೆನೆಂಟನ ಛಾಯಾಚಿತ್ರಗಳು. 9 ಅಂಗುಲದ ಕನ್ನಡಿಯ ದೂರದರ್ಶಕದಿಂದ ಅವನು ತೆಗೆಸಿದ ಚಿತ್ರಗಳಲ್ಲಿ ಕೊಂಬಿನಂತೆ ಎದ್ದ ಒಂದು ಭಾರಿ ಚಾಚಿಕೆ ಸೊಗಸಾಗಿ ಮೂಡಿತು. ಕರೋನ ಮಾತ್ರ ಹೆಸರಿಗಷ್ಟೇ ಮೂಡಿತು.

ಯಾಕೆ ಹೀಗೆ? ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಆಕಾಶದಲ್ಲಿ ಸೂರ್ಯ ಅಥವಾ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಮಸೂರವು ಮೂಡಿಸುವ ಬಿಂಬದ ಅಳತೆ ಅದರ ನಾಭಿದೂರವನ್ನು ಮಾತ್ರ ಅವಲಂಬಿಸಿದೆ. ನಾಭಿದೂರವನ್ನು 110ರಿಂದ ಭಾಗಿಸಿದರೆ ಬಿಂಬದ ವ್ಯಾಸ ಹೆಚ್ಚುಕಡಿಮೆ ಸಿಗುತ್ತದೆ. 840 ಮಿ.ಮೀ. ಮಸೂರಕ್ಕೆ 7 ಮಿ.ಮೀ. ಮೀರಿದ ಬಿಂಬ, ಅಂದರೆ ಒಂದು ಅಡಿಕೆ ಚೂರಿನಷ್ಟು. ನಾಭಿದೂರ ಹೆಚ್ಚಿಸಿದರೆ ಬಿಂಬ ದೊಡ್ಡದಾಗುತ್ತದೆ, ವಿವರ ಹೆಚ್ಚುತ್ತದೆ. ಆದರೆ ಮಸೂರದ ಬಾಯಿಯೊಳಗೆ ಬಂದ ಅಷ್ಟೇ ಬೆಳಕು ಹೆಚ್ಚು ಜಾಗಕ್ಕೆ ಹರಡಿಕೊಳ್ಳುತ್ತದೆ, ಬಿಂಬ ಮಸುಕಾಗುತ್ತದೆ. ಒಂದು ಹಿಡಿ ರಾಗಿಹಿಟ್ಟನ್ನು ತಟ್ಟೆಯಲ್ಲಿ ಹರವುವುದಕ್ಕೂ ಚಾಪೆಯ ಮೇಲೆ ಹರವುವುದಕ್ಕೂ ಇರುವ ವ್ಯತ್ಯಾಸವೇ ಇದು. ನಾಭಿದೂರವನ್ನು ಬಾಯಿಯ ಅಗಲದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಎಫ್-ಸಂಖ್ಯೆ ಎನ್ನುತ್ತಾರೆ. ಕರೋನದಂಥ ಹರಡಿದ ಮಂದ ವಸ್ತುವನ್ನು ಎಷ್ಟು ಬೇಗ ಸೆರೆಹಿಡಿಯಬಹುದೆಂಬುದನ್ನು ನಿರ್ಧರಿಸುವುದು ಈ ಸಂಖ್ಯೆಯೇ, ದೂರದರ್ಶಕದ ಗಾತ್ರವಲ್ಲ. ನಿಮ್ಮ ಕೈಯಲ್ಲಿ ದಿನವಿಡೀ ಸಮಯವಿದ್ದರೆ ಚಿಂತೆಯಿಲ್ಲ. ಇರುವುದು ಎರಡು ನಿಮಿಷವಾದರೆ ಎಫ್-ಸಂಖ್ಯೆ ಚಿಕ್ಕದಿದ್ದಷ್ಟೂ ಒಳ್ಳೆಯದು.

ಈ ಸತ್ಯವನ್ನು ಪ್ರಯೋಗದಿಂದ ತೋರಿಸಿದವನು ವೀಕ್ಷಣಾಲಯದವನಲ್ಲ, ಮ್ಯಾಂಚೆಸ್ಟರಿನ ವೃತ್ತಿಪರ ಛಾಯಾಚಿತ್ರಕಾರ ಆಲ್‌ಫ್ರೆಡ್ ಬ್ರದರ್ಸ್. 1870ರ ಡಿಸೆಂಬರ್ 22ರ ಗ್ರಹಣಕ್ಕೆ ಅವನು ಸಿಸಿಲಿ ದ್ವೀಪದ ಸಿರಾಕ್ಯೂಸಿಗೆ ಹೋದನು. ಅಲ್ಲಿಗೆ ಒಯ್ದದ್ದು ಡಾಲ್‌ಮೇಯರ್ ಕಂಪನಿಯ ‘ರ‍್ಯಾಪಿಡ್ ರೆಕ್ಟಿಲೀನಿಯರ್’ ಮಸೂರ. ಪ್ರಷ್ಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಜಾನ್ ಹೆನ್ರಿ ಡಾಲ್‌ಮೇಯರ್ ಇದನ್ನು 1866ರಲ್ಲಿ ಹೊರತಂದಿದ್ದನು. ನಡುವೆ ಬೆಳಕಿನ ಕಿಂಡಿ, ಅದರ ಎರಡೂ ಪಕ್ಕದಲ್ಲಿ ಕನ್ನಡಿಯ ಪ್ರತಿಬಿಂಬದಂತೆ ಒಂದನ್ನೊಂದು ಹೋಲುವ ಎರಡು ಜೋಡಿ ಗಾಜುಗಳು. ಒಂದು ಜೋಡಿ ಗೆರೆಗಳನ್ನು ಹೊರಕ್ಕೆ ಬಾಗಿಸಿದರೆ ಇನ್ನೊಂದು ಅಷ್ಟೇ ಒಳಕ್ಕೆ ಬಾಗಿಸುತ್ತದೆ. ಒಟ್ಟಿನಲ್ಲಿ ನೆಟ್ಟಗಿನ ಗೆರೆ ನೆಟ್ಟಗೇ ಮೂಡುತ್ತದೆ. ಜರ್ಮನಿಯ ಸ್ಟೈನ್‌ಹೈಲ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಇಂಥದನ್ನೇ ರೂಪಿಸಿದ್ದನು. ಕಟ್ಟಡಗಳ ಚಿತ್ರ ತೆಗೆಯಲು, ನಕಾಶೆಗಳ ನಕಲು ಮಾಡಲು ಹುಟ್ಟಿದ ಮಸೂರವಿದು. ಆಕಾಶದ ಕಡೆ ತಿರುಗಿಸಬಹುದೆಂದು ಯಾರೂ ಇದನ್ನು ಮಾಡಿರಲಿಲ್ಲ. ಬ್ರದರ್ಸ್ ಅದನ್ನು ಆಕಾಶದ ತಿರುಗುವಿಕೆಯನ್ನು ಹಿಂಬಾಲಿಸುವ ಪೀಠದ ಮೇಲೆ ಕೂರಿಸಿದನು. ಮೋಡದ ಕಾಟವಿದ್ದರೂ ಅವನ ಒಂದು ಫಲಕದಲ್ಲಿ, ಅದುವರೆಗೆ ಯಾವ ಚಿತ್ರದಲ್ಲಿಯೂ ಬಾರದಷ್ಟು ದೂರಕ್ಕೆ ಕರೋನ ಹರಡಿ ಮೂಡಿತು.

ಹೀಗೆ ಮಸೂರದ ಪರೀಕ್ಷೆ ಒಂದು ವರ್ಷ ಮೊದಲೇ ಸಿಸಿಲಿಯಲ್ಲಿ ಮುಗಿದಿತ್ತು. ಆದರೆ ಒಂದು ಚಿತ್ರದಿಂದ ವಾದ ಮುಗಿಯುವುದಿಲ್ಲ. ಅದೇ ಜಾತಿಯ ಎರಡು ಮಸೂರಗಳನ್ನು ಒಂದೇ ಗ್ರಹಣದಲ್ಲಿ ಎರಡು ದೂರದ ಜಾಗಗಳಲ್ಲಿ ನಿಲ್ಲಿಸಬೇಕು. 1871ರ ಗ್ರಹಣಕ್ಕೆ ಅವಕಾಶ ಒದಗಿಬಂತು. ಚಂದ್ರನ ನೆರಳು ಮಲಬಾರು ಕರಾವಳಿಯಲ್ಲಿ ನೆಲ ಮುಟ್ಟಿ, ನೀಲಗಿರಿಯ ಮೇಲೆ ಹಾದು, ಪುದುಕೋಟೆಯ ಮೂಲಕ ಸಿಂಹಳಕ್ಕೆ ಹೋಗುವುದಿತ್ತು. ಬೇಕಲದ ಸಮುದ್ರತೀರ ಒಂದು ಕೇಂದ್ರ. 2,637 ಮೀಟರ್ ಎತ್ತರದ ಉದಕಮಂಡಲದ ದೊಡ್ಡಬೆಟ್ಟ ಇನ್ನೊಂದು. ನಡುವೆ 200 ಕಿ.ಮೀ.ಗೂ ಹೆಚ್ಚಿನ ದೂರ. ಕರೋನವು ಭೂಮಿಯ ಗಾಳಿಯಲ್ಲಿ ಹುಟ್ಟುವ ಭ್ರಮೆಯಾದರೆ ಕಡಲಂಚಿನ ತೇವದ ಗಾಳಿಯಲ್ಲಿ ಒಂದು ಆಕಾರ, ಬೆಟ್ಟದ ಮೇಲಿನ ತೆಳು ಗಾಳಿಯಲ್ಲಿ ಇನ್ನೊಂದು ಆಕಾರ ಬರಬೇಕು. ಇದಕ್ಕಿಂತ ಅಚ್ಚುಕಟ್ಟಾದ ಪ್ರಯೋಗವನ್ನು ಯೋಜಿಸುವುದು ಕಷ್ಟ.

ಬೇಕಲದ ತಂಡದ ನಾಯಕ ನಾರ್ಮನ್ ಲಾಕ್ಯರ್. ‘ನೇಚರ್’ ಪತ್ರಿಕೆಯನ್ನು 1869ರಲ್ಲಿ ಆರಂಭಿಸಿದವನು ಇವನೇ. ಅವನು ರೋಹಿತದರ್ಶಕದ ಮುಂದೆ, ಕ್ಯಾಪ್ಟನ್ ಮ್ಯಾಕ್ಲಿಯರ್ ಇನ್ನೊಂದರ ಮುಂದೆ. ಛಾಯಾಚಿತ್ರದ ಕೆಲಸ ಡೇವಿಸನ ಪಾಲಿಗೆ ಬಂದಿತ್ತು. ಇವನು ಲಾರ್ಡ್ ಲಿಂಡ್ಸೆ ಎಂಬ ಶ್ರೀಮಂತ ಖಗೋಳಾಸಕ್ತನ ಸಹಾಯಕ. ಹಿಂದಿನ ವರ್ಷ ಒಡೆಯನ ಜೊತೆ ಸ್ಪೇನಿನ ಕಾಡಿಜ್‌ಗೆ ಗ್ರಹಣಕ್ಕೆ ಹೋಗಿ ಪಳಗಿದವನು. ದೊಡ್ಡಬೆಟ್ಟದಲ್ಲಿ ಗುಂಟೂರಿನ ಅದೇ ಟೆನೆಂಟ್ ಇದ್ದನು. ಮೂರು ವರ್ಷದ ಹಿಂದಿನ ದೊಡ್ಡ ಕನ್ನಡಿಯ ಬದಲು ಈ ಬಾರಿ ಅವನೂ ಡಾಲ್‌ಮೇಯರ್ ಮಸೂರವನ್ನು ಆಯ್ದುಕೊಂಡಿದ್ದನು. ಜಮಖಂಡಿಯ ಹರ್ಷೆಲ್ ಕೂಡ ಅಲ್ಲಿಯೇ ಇದ್ದನು.

ಆ ಕಾಲದ ಛಾಯಾಚಿತ್ರ ವಿಧಾನ ಎಂಥದೆಂಬುದು ಇಂದಿನ ವಿದ್ಯಾರ್ಥಿಗಳಿಗೆ ಊಹಿಸಲೂ ಕಷ್ಟ. ಅದು ಒದ್ದೆ ಫಲಕದ ವಿಧಾನ. ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಿಸಬೇಕು, ಕತ್ತಲ ಗುಡಾರದಲ್ಲಿ ಅದನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು, ಒಣಗುವ ಮುಂಚೆಯೇ ಕ್ಯಾಮರಾಕ್ಕೆ ಸೇರಿಸಿ ಬೆಳಕಿಗೊಡ್ಡಿ, ತಕ್ಷಣ ಗುಡಾರಕ್ಕೆ ಓಡಿ ಚಿತ್ರವನ್ನು ಎಬ್ಬಿಸಬೇಕು. ಫಲಕ ಒಣಗಿದರೆ ಎಲ್ಲ ಮುಗಿಯಿತು. ಕೊಲೋಡಿಯನ್ನಿನಲ್ಲಿರುವ ಈಥರ್ ನಮ್ಮ ಹವೆಯಲ್ಲಿ ನೋಡನೋಡುತ್ತಿದ್ದಂತೆ ಹಾರಿಹೋಗುವ ವಸ್ತು. ಹೀಗಾಗಿ ಮೊದಲೇ ಹತ್ತಾರು ಫಲಕ ಮಾಡಿಟ್ಟುಕೊಳ್ಳುವಂತಿರಲಿಲ್ಲ. ಸಂಪೂರ್ಣ ಗ್ರಹಣದ ಅವಧಿ ಎರಡು ನಿಮಿಷದ ಆಸುಪಾಸು. ಇನ್ನೊಂದು ಸೂಕ್ಷ್ಮವೂ ಇತ್ತು. ಕಣ್ಣು ಹಸಿರು-ಹಳದಿ ಬೆಳಕಿಗೆ ಚುರುಕು, ಆ ಫಲಕಗಳು ನೀಲಿ-ನೇರಳೆಗೆ ಮಾತ್ರ ಚುರುಕು. ಸಾಧಾರಣ ಮಸೂರದಲ್ಲಿ ಈ ಎರಡು ಬಣ್ಣಗಳು ಒಂದೇ ಜಾಗದಲ್ಲಿ ಸಂಧಿಸುವುದಿಲ್ಲ. ಕಣ್ಣಿಗೆ ಸ್ಪಷ್ಟವಾಗಿ ಕಂಡದ್ದು ಫಲಕದಲ್ಲಿ ಮಸುಕಾಗುತ್ತದೆ. ಅದನ್ನೇ ‘ರಾಸಾಯನಿಕ ನಾಭಿ’ಯ ಸಮಸ್ಯೆ ಎನ್ನುತ್ತಿದ್ದರು. ಛಾಯಾಚಿತ್ರಕ್ಕೆಂದೇ ತಯಾರಿಸಿದ ಡಾಲ್‌ಮೇಯರ್ ಮಸೂರದಲ್ಲಿ ಎರಡನ್ನೂ ಒಂದುಗೂಡಿಸಿದ್ದರು. ದೊಡ್ಡ ದೂರದರ್ಶಕಗಳಿಗಿಲ್ಲದ ಅನುಕೂಲ ಈ ಅಂಗಡಿಯ ಮಸೂರಕ್ಕಿತ್ತು.

ಮಸೂರವನ್ನು ಪರೀಕ್ಷಿಸುವುದೆಂದರೆ ಏನು ಎಂಬುದನ್ನು ಈ ಕಾರ್ಯಕ್ರಮಕ್ಕಾಗಿ ಚಿತ್ರೀಕರಿಸಿ ತೋರಿಸಲು ನಾವು ಅಜ್ಜಂಪುರ ತಾಲ್ಲೂಕಿನ ಅಂತರಘಟ್ಟೆಗೆ ಹೋಗಿದ್ದೆವು. ದುರ್ಗಾಂಬೆಯ ಜಾತ್ರೆಗೆ ಎತ್ತಿನಗಾಡಿಗಳು ಸಾಲುಗಟ್ಟಿ ಬರುವ ಊರು ಅದು. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಸರಂಜಾಮು ಎಳೆದ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರ ಪಕ್ಕದ ಅಜ್ಜಂಪುರದಲ್ಲಿದೆ. ಭಾರವನ್ನು ದೂರ ಸಾಗಿಸುವುದೆಂದರೇನು ಎಂಬುದು ಆ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಬಳಿಯಿದ್ದದ್ದು 200 ಮಿ.ಮೀ. ನಾಭಿದೂರದ, ಎಫ್-2.8ರ ಒಂದು ಮಸೂರ. ತೂಕ ಒಂದು ಕಿಲೋಗೂ ಕಡಿಮೆ, ಹೆಗಲ ಚೀಲದಲ್ಲಿ ಹಿಡಿಸುವಂಥದು. ಫೆಬ್ರವರಿಯ ಒಂದು ರಾತ್ರಿ, ಚಂದ್ರನಿಲ್ಲದ ಹೊತ್ತಿನಲ್ಲಿ, ಊರಿನ ದೀಪಗಳಿಗೆ ಬೆನ್ನು ಮಾಡಿ ಹೊಲದಲ್ಲಿ ಮುಕ್ಕಾಲಿ ಹೂಡಿದೆವು. ಜೊತೆಗೆ ಕಾಲೇಜಿನ ಮೂವರು ಹುಡುಗರು.

ಮಸೂರದ ಗುಣವನ್ನು ನಕ್ಷತ್ರದಷ್ಟು ನಿಷ್ಠುರವಾಗಿ ಹೇಳುವ ಪರೀಕ್ಷಕರಿಲ್ಲ. ಹೂವು, ಮುಖ, ಗೋಪುರ ಇವುಗಳ ಚಿತ್ರದಲ್ಲಿ ಸಣ್ಣಪುಟ್ಟ ದೋಷ ಕಣ್ಣಿಗೆ ಬೀಳುವುದಿಲ್ಲ. ನಕ್ಷತ್ರ ಬರೀ ಒಂದು ಬಿಂದು. ಬಿಂದುವನ್ನು ಬಿಂದುವಾಗಿ ತೋರಿಸಬೇಕು, ಇಲ್ಲದಿದ್ದರೆ ಸಿಕ್ಕಿಬಿದ್ದಂತೆ. ಮೊದಲು ಕೃತ್ತಿಕೆಯನ್ನು ಚೌಕಟ್ಟಿನ ನಡುವೆ ಇಟ್ಟು ತೆಗೆದೆವು. ಎರಡು ಡಿಗ್ರಿಯಷ್ಟು ಹರಡಿರುವ ಆ ಗುಂಪು 7 ಮಿ.ಮೀ. ಅಗಲಕ್ಕೆ ಚೊಕ್ಕಟವಾಗಿ ಮೂಡಿತು. ಬಳಿಕ ಅದನ್ನೇ ಮೂಲೆಗೆ ಸರಿಸಿದಾಗ ಒಂದೊಂದು ನಕ್ಷತ್ರಕ್ಕೂ ಹಕ್ಕಿಯಂತೆ ರೆಕ್ಕೆ ಬಂದಿತ್ತು. ಕಿಂಡಿಯನ್ನು ಎಫ್-4ಕ್ಕೆ ಕಿರಿದು ಮಾಡಿದಾಗ ರೆಕ್ಕೆಗಳು ಬಹುಮಟ್ಟಿಗೆ ಮುದುಡಿದವು. ಬೆಳಕು ಅರ್ಧವಾಯಿತು, ಬಿಂದು ಬಿಂದುವಾಯಿತು. ಲುಬ್ಧಕದ ಸುತ್ತ ನೇರಳೆ ಬಣ್ಣದ ಅಂಚು ಕಾಣಿಸಿತು: ಡೇವಿಸನ ಕಾಲದ ಬಣ್ಣಗಳ ತಕರಾರು ಇನ್ನೂ ಪೂರ್ತಿ ತೀರಿಲ್ಲ. ಮಸೂರದ ಮೇಲೆ ಕೆತ್ತಿರುವ ‘ಅನಂತ’ದ ಗುರುತಿಗೆ ತಿರುಗಿಸಿ ಇಟ್ಟರೆ ನಕ್ಷತ್ರ ಸ್ಪಷ್ಟವಾಗಲಿಲ್ಲ. ಒಂದು ಕೂದಲೆಳೆಯಷ್ಟು ಹಿಂದಕ್ಕೆ ಬರಬೇಕಾಯಿತು.

ಭೂಮಿ ತಿರುಗುವುದನ್ನು ಹುಡುಗರು ಆ ರಾತ್ರಿ ಕಣ್ಣಾರೆ ಕಂಡರೆನ್ನಬೇಕು. ನಕ್ಷತ್ರಗಳು ಸೆಕೆಂಡಿಗೆ 15 ಕಂಸಸೆಕೆಂಡಿನಷ್ಟು ಸರಿಯುತ್ತವೆ. 200 ಮಿ.ಮೀ. ಮಸೂರದಲ್ಲಿ ಇದು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರಿನ ಎಪ್ಪತ್ತನೇ ಒಂದು ಭಾಗ. ಕೇಳಲು ಏನೂ ಅಲ್ಲ. ಆದರೆ ಇಂದಿನ ಕ್ಯಾಮರಾದ ಸಂವೇದಕದಲ್ಲಿ ಅದು ಎರಡು ಮೂರು ಚುಕ್ಕೆಗಳ ಉದ್ದ. ಐದು ಸೆಕೆಂಡು ತೆರೆದರೆ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳು ಮೂರು ಗೀಟುಗಳಾದವು. ಆದ್ದರಿಂದ ಧ್ರುವ ನಕ್ಷತ್ರದ ಕಡೆ ಅಕ್ಷವನ್ನು ನಿಲ್ಲಿಸಿ ತಿರುಗುವ ಯಂತ್ರಪೀಠ ಬೇಕು. ಅಂತರಘಟ್ಟೆಯಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 14 ಡಿಗ್ರಿಗಿಂತ ಮೇಲೇರುವುದಿಲ್ಲ. ಅದು ಮರಗಳ ಸಾಲಿನ ಹಿಂದೆ ಅಡಗಿಕೊಂಡಿತ್ತು. ಮುಕ್ಕಾಲಿಯನ್ನು ಹೊತ್ತು ಎರಡು ಹೊಲ ಆಚೆಗೆ ಹೋದೆವು. ನಡುರಾತ್ರಿ ಕಳೆದ ಮೇಲೆ ಚಳಿ ಏರಿತು, ಸಂಜೆ ಹೊಂದಿಸಿದ್ದ ಸ್ಪಷ್ಟತೆ ತಪ್ಪಿಹೋಯಿತು. ಲೋಹದ ಕೊಳವೆ ಕುಗ್ಗಿತ್ತು. ಮಸೂರದ ಮೇಲೆ ಇಬ್ಬನಿ ಕೂತಿತು. ರಟ್ಟಿನ ಕೊಳವೆಯೊಂದನ್ನು ಸುತ್ತಿ ಅದನ್ನು ತಡೆದೆವು. ಈ ಯಾವ ಸಂಗತಿಯೂ ಮಸೂರದ ಜೊತೆ ಬಂದ ಕೈಪಿಡಿಯಲ್ಲಿರಲಿಲ್ಲ. ನಮಗೆ ಇಡೀ ರಾತ್ರಿಯಿತ್ತು, ತಪ್ಪಿದ್ದನ್ನು ಮತ್ತೆ ತೆಗೆದೆವು. ಬೇಕಲದಲ್ಲಿ ಮತ್ತೆ ಎಂಬ ಮಾತಿಗೆ ಅವಕಾಶವಿರಲಿಲ್ಲ.

ಡಿಸೆಂಬರ್ 12ರಂದು ಆಕಾಶ ಕೈಕೊಡಲಿಲ್ಲ. ಬೇಕಲದಲ್ಲಿ ಡೇವಿಸ್ 5 ಫಲಕಗಳಲ್ಲಿ ಕರೋನವನ್ನು ಹಿಡಿದನು. ನೆರಳು ಕೆಲವೇ ನಿಮಿಷಗಳಲ್ಲಿ ನೀಲಗಿರಿಯನ್ನು ಮುಟ್ಟಿತು. ಅಲ್ಲಿ ಟೆನೆಂಟನ ತಂಡಕ್ಕೆ 6 ಫಲಕಗಳು ಸಿಕ್ಕವು. ನೀಲಗಿರಿಯ ಇನ್ನೊಂದು ಕಡೆ, ಶೋಲೂರಿನಲ್ಲಿ, ಜಾನ್ಸನ್ ಅಗಲ ಬಾಯಿಯ, ಕಡಿಮೆ ನಾಭಿದೂರದ ಕನ್ನಡಿ ದೂರದರ್ಶಕದಿಂದ ಕರೋನದ ರೋಹಿತವನ್ನು ನೋಡಿ, ಅದರಲ್ಲಿ ಸೂರ್ಯನ ಬೆಳಕಿಗೆ ವಿಶಿಷ್ಟವಾದ ಕಪ್ಪು ಗೆರೆಗಳನ್ನು ಗುರುತಿಸಿದನು. ಅವನ ಆಯ್ಕೆಯ ಹಿಂದೆಯೂ ಅದೇ ತರ್ಕವಿದ್ದುದನ್ನು ಗಮನಿಸಿ: ಬಿಂಬ ಚಿಕ್ಕದಾದರೂ ಸರಿ, ಬೆಳಕು ಒತ್ತಾಗಿರಲಿ.

ಹನ್ನೊಂದು ಫಲಕಗಳು. ಒಂದೊಂದರಲ್ಲಿಯೂ ಚಂದ್ರನ ಕಪ್ಪು ಬಿಂಬದ ವ್ಯಾಸ 8 ಮಿಲಿಮೀಟರಿಗೂ ಕಡಿಮೆ. ಇವುಗಳನ್ನು ಓದುವುದು ಮುಂದಿನ ಹಲವು ವರ್ಷಗಳ ಕೆಲಸವಾಯಿತು. ಆರ್ಥರ್ ಕೌಪರ್ ರ‍್ಯಾನ್ಯಾರ್ಡ್ ಎಂಬ ವಕೀಲ-ಖಗೋಳಜ್ಞನು ಇದನ್ನು ಕೈಗೆತ್ತಿಕೊಂಡನು. ವೆಸ್ಲಿ ಎಂಬ ಚಿತ್ರಗಾರನು ಫಲಕಗಳನ್ನು ಒಂದೊಂದಾಗಿ ಪರಿಶೀಲಿಸಿ, ಎಲ್ಲದರಲ್ಲಿಯೂ ಕಾಣುವ ವಿವರಗಳನ್ನು ಕೂಡಿಸಿ ದೊಡ್ಡ ರೇಖಾಚಿತ್ರಗಳನ್ನು ಬರೆದನು. 1879ರಲ್ಲಿ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯ ಒಂದು ಬೃಹತ್ ಸಂಪುಟವಾಗಿ ಇದು ಪ್ರಕಟವಾಯಿತು. ಬೇಕಲದ ಫಲಕದಲ್ಲಿರುವ ಕಮಾನುಗಳು, ಸೀಳುಗಳು, ಬಾಗಿದ ಕಿರಣಗಳು ದೊಡ್ಡಬೆಟ್ಟದ ಫಲಕದಲ್ಲಿಯೂ ಅವೇ ಸ್ಥಾನಗಳಲ್ಲಿ ಇದ್ದವು. ಕಡಲ ಗಾಳಿಗೂ ಬೆಟ್ಟದ ಗಾಳಿಗೂ ಅದರಲ್ಲಿ ಕೈವಾಡವಿರಲಿಲ್ಲ. ಗ್ರಹಣದ ಆರಂಭದಿಂದ ಕೊನೆಯವರೆಗೆ ಚಂದ್ರನು ಸರಿದರೂ ಕಿರಣಗಳು ಅವನೊಂದಿಗೆ ಸರಿಯದೆ ಸೂರ್ಯನಿಗೆ ಅಂಟಿಕೊಂಡಿದ್ದವು. ಚಂದ್ರನ ಪಕ್ಷವೂ ಸೋತಿತು. ಕರೋನ ಸೂರ್ಯನದೇ.

ಇಷ್ಟು ದೊಡ್ಡ ಬೇಟೆಯಲ್ಲಿ ಡೇವಿಸನ ಹೆಸರು ಎಲ್ಲಿ ಹೋಯಿತು? ಗ್ರಂಥಗಳಲ್ಲಿ ಅವನು ಬಹುಮಟ್ಟಿಗೆ ‘ಲಾರ್ಡ್ ಲಿಂಡ್ಸೆಯ ಸಹಾಯಕ’ ಎಂದೇ ಬರುತ್ತಾನೆ. 1874ರಲ್ಲಿ ಶುಕ್ರಸಂಕ್ರಮಣವನ್ನು ಚಿತ್ರಿಸಲು ಅದೇ ಒಡೆಯನೊಂದಿಗೆ ಮಾರಿಷಸ್ಸಿಗೂ ಹೋದನು. ಬೇಕಲದಲ್ಲಿ ಪೆಟ್ಟಿಗೆ ಹೊತ್ತವರು, ಗುಡಾರ ಹೂಡಿದವರು, ಫಲಕ ತೊಳೆಯಲು ನೀರು ತಂದುಕೊಟ್ಟವರು ಅವರಿವರೆಂದು ಕೂಡ ಉಳಿಯಲಿಲ್ಲ. ದೂರದರ್ಶನದಲ್ಲಿ ಕೆಲಸ ಮಾಡುವ ನನಗೆ ಇದು ತುಸು ಹೆಚ್ಚೇ ನಾಟುತ್ತದೆ. ಕಾರ್ಯಕ್ರಮದ ಕೊನೆಗೆ ಹೆಸರುಗಳು ಮೇಲಕ್ಕೆ ಸರಿಯುವಾಗ ನೀವು ಎದ್ದುಹೋಗುತ್ತೀರಿ, ನಮಗೆ ಗೊತ್ತು.

ಚಿಕ್ಕ ಮಸೂರದ ಕಥೆ ಮುಂದೆ ಇನ್ನೂ ಸ್ವಾರಸ್ಯವಾಗುತ್ತದೆ. 1898ರ ಜನವರಿ 22ರಂದು ನೆರಳು ಮಹಾರಾಷ್ಟ್ರದ ಮೇಲೆ ಹಾದಿತು. ನಮ್ಮ ಗಡಿಗೆ ದೂರವಲ್ಲದ ಸೊಲ್ಲಾಪುರ ಸೀಮೆಯ ಜೇವೂರಿನಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದ ಕ್ಯಾಂಬೆಲ್ 40 ಅಡಿ ನಾಭಿದೂರದ ಕ್ಯಾಮರಾವನ್ನು ನಿಲ್ಲಿಸಿದನು. ಸೂರ್ಯನ ಬಿಂಬ 11 ಸೆಂಟಿಮೀಟರು, ಒಂದು ಊಟದ ಬಟ್ಟಲಿನಷ್ಟು! ಅದರಲ್ಲಿ ಒಳಕರೋನದ ವಿವರಗಳು ಅದ್ಭುತವಾಗಿ ಬಂದವು. ಅದೇ ದಿನ ವಿದರ್ಭದ ತಾಳ್ನಿಯಲ್ಲಿ ಆನೀ ಮಾಂಡರ್ ಎಂಬ ಮಹಿಳೆ, ತಾನು ಓದಿದ ಗರ್ಟನ್ ಕಾಲೇಜು ಕೊಟ್ಟ ಧನಸಹಾಯದಿಂದ ಪಡೆದ ಕ್ಯಾಮರಾವನ್ನು ಹಿಡಿದು ನಿಂತಿದ್ದಳು. ಅದರ ಡಾಲ್‌ಮೇಯರ್ ಮಸೂರದ ಬಾಯಿ ಒಂದೂವರೆ ಅಂಗುಲ, ನಾಭಿದೂರ 9 ಅಂಗುಲ. ಸೂರ್ಯನ ಬಿಂಬ ಬರೀ 2 ಮಿ.ಮೀ., ಒಂದು ರಾಗಿಕಾಳಿಗಿಂತ ತುಸು ದೊಡ್ಡದು. ಆದರೆ ಅವಳ ಫಲಕದಲ್ಲಿ ಕರೋನದ ಒಂದು ಕಿರಣವು ಸೂರ್ಯನಿಂದ ಸುಮಾರು ಒಂದು ಕೋಟಿ ಕಿಲೋಮೀಟರ್ ದೂರದವರೆಗೆ, ಸೂರ್ಯನ ತ್ರಿಜ್ಯದ ಹದಿನಾಲ್ಕು ಪಟ್ಟು, ಚಾಚಿಕೊಂಡಿತ್ತು. ಅದುವರೆಗೆ ಅಷ್ಟು ಉದ್ದದ ಕಿರಣವನ್ನು ಯಾರೂ ಛಾಯಾಚಿತ್ರದಲ್ಲಿ ಹಿಡಿದಿರಲಿಲ್ಲ. ಫಲಕದ ಮೇಲೆ ಅದರ ಉದ್ದ ಸುಮಾರು ಒಂದೂವರೆ ಸೆಂಟಿಮೀಟರು. 40 ಅಡಿಯ ಕ್ಯಾಮರಾದಲ್ಲಿ ಆ ಕಿರಣವನ್ನು ಪೂರ್ತಿ ಹಿಡಿಯಬೇಕೆಂದರೆ ಒಂದು ಬಾಗಿಲಿನಗಲದ ಫಲಕ ಬೇಕಾಗುತ್ತಿತ್ತು, ಅದರ ಮೇಲೆ ಏನಾದರೂ ಮೂಡುವಷ್ಟು ಬೆಳಕು ಮಾತ್ರ ಇರುತ್ತಿರಲಿಲ್ಲ. ಎರಡೂ ಉಪಕರಣಗಳು ತಮ್ಮ ತಮ್ಮ ಕೆಲಸಕ್ಕೆ ಸರಿಯಾದವೇ. ಆದರೂ ಪಕ್ಷ ವಹಿಸೆಂದು ಕೇಳಿದರೆ ನಾನು ತಾಳ್ನಿಯ ಕಡೆ.

ಇನ್ನು ‘ಟೆಲಿಫೋಟೋ’ ಎಂಬ ಹೆಸರಿನ ವಿಚಾರ. ಡೇವಿಸನ ಮಸೂರ ದೂರದ್ದನ್ನು ದೊಡ್ಡದು ಮಾಡಿದರೂ ಕಟ್ಟುನಿಟ್ಟಾಗಿ ಹೇಳಿದರೆ ಟೆಲಿಫೋಟೋ ಅಲ್ಲ. 33 ಅಂಗುಲ ನಾಭಿದೂರಕ್ಕೆ ಪೆಟ್ಟಿಗೆಯೂ ಹತ್ತಿರ ಹತ್ತಿರ ಅಷ್ಟೇ ಉದ್ದವಿರಬೇಕಿತ್ತು. ಮುಂದೆ ಉಬ್ಬು ಮಸೂರ, ಹಿಂದೆ ತಗ್ಗು ಮಸೂರವನ್ನಿಟ್ಟು, ಕೊಳವೆ ಚಿಕ್ಕದಾಗಿದ್ದರೂ ನಾಭಿದೂರ ಉದ್ದವಿರುವಂತೆ ಮಾಡುವ ಉಪಾಯವೇ ನಿಜವಾದ ಟೆಲಿಫೋಟೋ. ಗೆಲಿಲಿಯೋನ ದೂರದರ್ಶಕದಲ್ಲಿಯೂ ಇದೇ ಜೋಡಣೆ ಇದೆ. ಛಾಯಾಚಿತ್ರಕ್ಕೆ ಅದನ್ನು ಒಗ್ಗಿಸಿ 1891ರಲ್ಲಿ ಹಕ್ಕುಪತ್ರ ಪಡೆದವನು ಡಾಲ್‌ಮೇಯರನ ಮಗ ಥಾಮಸ್. ಜರ್ಮನಿಯಲ್ಲಿ ಮೀಥೆ ಮತ್ತು ಸ್ಟೈನ್‌ಹೈಲ್ ಕೂಡ ಅದೇ ವರ್ಷ ಅಲ್ಲಿಗೇ ಬಂದಿದ್ದರು. ಕ್ರಿಕೆಟ್ ಪಂದ್ಯದಲ್ಲಿ ಬೌಂಡರಿಯಾಚೆ ನಿಂತ ಕ್ಯಾಮರಾ ಬ್ಯಾಟ್ಸ್‌ಮನ್ನನ ಹಣೆಯ ಬೆವರು ತೋರಿಸುವುದು ಈ ವಂಶದ ಮಸೂರಗಳಿಂದಲೇ.

ಗ್ರಹಣಗಳಲ್ಲಿ ಚಿಕ್ಕದು ದೊಡ್ಡದನ್ನು ಸೋಲಿಸಿದ ಇನ್ನೊಂದು ಪ್ರಸಂಗವನ್ನು ಹೇಳದಿರಲಾರೆ. 1919ರ ಮೇ 29ರಂದು ಐನ್‌ಸ್ಟೈನರ ಸಿದ್ಧಾಂತವನ್ನು ಪರೀಕ್ಷಿಸಲು ಬ್ರೆಜಿಲಿನ ಸೊಬ್ರಾಲ್‌ಗೆ ಹೋದ ತಂಡದ ಮುಖ್ಯ ಉಪಕರಣ ಬಿಸಿಲಿನ ತಾಪಕ್ಕೆ ಸ್ಪಷ್ಟತೆ ಕಳೆದುಕೊಂಡಿತು. ಮೀಸಲಾಗಿ ಒಯ್ದಿದ್ದ, ಸಾಲ ತಂದ 4 ಅಂಗುಲದ ಮಸೂರದ 7 ಫಲಕಗಳೇ ನಂಬಿಕೆಗೆ ಅರ್ಹವಾದವು. ಅಂತರಘಟ್ಟೆಯ ಚಳಿಯಲ್ಲಿ ನಮ್ಮ ಕೊಳವೆ ಕುಗ್ಗಿದ್ದಕ್ಕೂ ಸೊಬ್ರಾಲ್‌ನ ಬಿಸಿಲಲ್ಲಿ ಆದದ್ದಕ್ಕೂ ಕಾರಣ ಒಂದೇ.

ಕರ್ನಾಟಕಕ್ಕೆ ಸಂಪೂರ್ಣ ಗ್ರಹಣ ಮತ್ತೆ ಬಂದದ್ದು 1980ರ ಫೆಬ್ರವರಿ 16ರಂದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸೂರಿನಲ್ಲಿ ಮತ್ತು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಶಿಬಿರ ಹೂಡಿದ್ದರು. ಅಂತರಘಟ್ಟೆಯ ಕಡೆ ಅದು ಪಾರ್ಶ್ವಗ್ರಹಣ ಮಾತ್ರ. ಜನ ಬರಿಗಣ್ಣಿನಿಂದ ಸೂರ್ಯನನ್ನು ನೋಡಿ ದೃಷ್ಟಿ ಕಳೆದುಕೊಳ್ಳಬಾರದೆಂದು ಆ ಮಧ್ಯಾಹ್ನ ದೂರದರ್ಶನವು ಹಿಂದಿ ಚಲನಚಿತ್ರವೊಂದನ್ನು ಪ್ರಸಾರ ಮಾಡಿತೆಂದು ನಮ್ಮ ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಎಷ್ಟು ಮಕ್ಕಳು ಮನೆಯೊಳಗೆ ಕೂತು ಒಂದು ಜನ್ಮದ ಅವಕಾಶ ಕಳೆದುಕೊಂಡರೋ! 1995ರ ಅಕ್ಟೋಬರ್ 24ರ ಗ್ರಹಣದ ಹೊತ್ತಿಗೆ ನಿಲುವು ಬದಲಾಗಿತ್ತು. ಉತ್ತರ ಭಾರತದ ಸಂಪೂರ್ಣ ಗ್ರಹಣವನ್ನು ದೂರದರ್ಶನವೇ ನೇರಪ್ರಸಾರದಲ್ಲಿ ಮನೆಮನೆಗೆ ತಂದಿತು.

ಬೇಕಲದ ಆಕಾಶಕ್ಕೆ 2019ರ ಡಿಸೆಂಬರ್ 26ರಂದು ಮತ್ತೆ ನೆರಳು ಬಂತು. ಈ ಬಾರಿ ಕಂಕಣಗ್ರಹಣ. ಮಂಗಳೂರು, ಕಾಸರಗೋಡು, ಕೊಡಗಿನ ದಕ್ಷಿಣ ಭಾಗ, ನೀಲಗಿರಿ: 1871ರ ಹಾದಿಯನ್ನೇ ಹೆಚ್ಚುಕಡಿಮೆ ಹಿಡಿದು ನೆರಳು ಸಾಗಿತು. ಕಂಕಣದಲ್ಲಿ ಸೂರ್ಯನ ಅಂಚು ಉಳಿದೇ ಇರುವುದರಿಂದ ಕರೋನ ಕಾಣುವುದಿಲ್ಲ. ಮುಂದಿನ ಕಂಕಣಗ್ರಹಣ 2031ರ ಮೇ 21ರಂದು ಕೇರಳ ಮತ್ತು ತಮಿಳುನಾಡಿನ ದಕ್ಷಿಣ ಭಾಗಗಳಲ್ಲಿ ಕಾಣಲಿದೆ, ಕರ್ನಾಟಕದಲ್ಲಿ ಪಾರ್ಶ್ವವಾಗಿ. ಕರೋನವನ್ನೇ ನೋಡಬೇಕೆಂದರೆ 2034ರ ಮಾರ್ಚ್ 20ಕ್ಕೆ ದೇಶದ ಉತ್ತರ ತುದಿಗೆ, ಲಡಾಖಿನ ಕಡೆಗೆ ಹೋಗಬೇಕಾಗುತ್ತದೆ. 200 ಮಿ.ಮೀ. ಮಸೂರ ಒಯ್ಯುವವರು ಎರಡು ವಿಷಯ ತಿಳಿದಿರಬೇಕು. ಸೂರ್ಯನ ಬಿಂಬ ಸುಮಾರು 1.8 ಮಿ.ಮೀ. ಮಾತ್ರ ಇರುತ್ತದೆ. ಸೂರ್ಯನಿಗೆಂದೇ ಮಾಡಿದ ಶೋಧಕವನ್ನು ಮಸೂರದ ಮುಂದೆ ಕಟ್ಟಬೇಕೇ ಹೊರತು ಹಿಂದೆ, ಕಣ್ಣಿನ ಕಡೆ, ಅಲ್ಲ. ಹಿಂದಿನ ಶೋಧಕ ಮಸೂರ ಕೂಡಿಸಿದ ಬಿಸಿಗೆ ಕ್ಷಣದಲ್ಲಿ ಸೀಳಿಹೋಗಬಹುದು. ಕಂಕಣದಲ್ಲಾದರೆ ಅದನ್ನು ಮೊದಲಿನಿಂದ ಕೊನೆಯವರೆಗೆ ಒಂದು ಕ್ಷಣವೂ ತೆಗೆಯುವಂತಿಲ್ಲ. ಸಂಪೂರ್ಣ ಗ್ರಹಣದಲ್ಲಾದರೆ ಬಿಂಬ ಪೂರ್ತಿ ಮರೆಯಾದ ಆ ಕೆಲವು ನಿಮಿಷ ಮಾತ್ರ ತೆಗೆಯಬಹುದು. ಮೊದಲ ಹೊಳಪಿನ ಮಣಿ ಅಂಚಿನಲ್ಲಿ ಮಿಂಚಿದ ಕೂಡಲೇ ಅದನ್ನು ಮತ್ತೆ ಕಟ್ಟಬೇಕು.